ಅಪ್ಪನ ಹಡಗು ಕಟ್ಟುವ ಮೊದಲು: ಯಾವ ಇಸವಿ, ಯಾವ ಸ್ಕೇಲು, ಯಾವ ದಾರಿ

ಅಪ್ಪ ಕೆಲಸ ಮಾಡಿದ ಫ್ರಿಗೇಟಿನ, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆಯ, ಮಾದರಿಯನ್ನು ನಾನು ಮೊದಲ ಸಲ ಕಟ್ಟಿದ್ದು 1/700 ಸ್ಕೇಲಿನಲ್ಲಿ: ನಿಜದ ಉದ್ದದ ಏಳುನೂರರಲ್ಲಿ ಒಂದು ಪಾಲು. ಒಂದು ಗೇಣು ಉದ್ದವೂ ಇರಲಿಲ್ಲ. ರಾತ್ರಿಯೆಲ್ಲಾ ಕೂತು ಚಿಮುಟದಲ್ಲಿ ಡೆಕ್ಕಿನ ಅಂಚಿನ ಕಂಬಿ ಅಂಟಿಸಿ, ಬಣ್ಣ ಹೊಡೆದು, ಹೆಮ್ಮೆಯಿಂದ ಅವರ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು, ಭೂತಗನ್ನಡಿ ತರಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ ಮಾತು: "ನಾನು ಬಾಯ್ಲರ್ ರೂಮಿನಿಂದ ಹತ್ತಿ ಬರ್ತಿದ್ದ ಹ್ಯಾಚು ಎಲ್ಲಿದೆಯೋ?"

ಡೆಕ್ಕಿಗೆ ಹತ್ತಿ ಬರುವ ಆ ಕಿಂಡಿ ಬಾಗಿಲು ಮಾದರಿಯಲ್ಲಿ ಇರಲೇ ಇಲ್ಲ. ಇದ್ದಿದ್ದರೂ ಒಂದು ಮಿಲಿಮೀಟರ್ ಇರುತ್ತಿತ್ತು, ಅಷ್ಟೆ.

ಮಾಮೂಲಿ ಹಡಗಿನ ಕಿಟ್ ಕೊಳ್ಳುವಾಗ ಭಾಗಗಳು ಸರಿಯಾಗಿ ಕೂರುತ್ತವಾ, ವಿವರ ಚೆನ್ನಾಗಿದೆಯಾ, ದುಡ್ಡಿಗೆ ತಕ್ಕದ್ದಾ ಅಂತ ನೋಡಿದರೆ ಸಾಕು. ಅಪ್ಪನೋ ಅಮ್ಮನೋ ದುಡಿದ ಹಡಗಾದರೆ ಬೇರೆ ಎರಡು ಪ್ರಶ್ನೆ ಮೊದಲು ಬರುತ್ತವೆ. ಅವರು ಅದರಲ್ಲಿ ಇದ್ದದ್ದು ಯಾವ ಇಸವಿಯಲ್ಲಿ? ಹಡಗಿನ ಯಾವ ಜಾಗದಲ್ಲಿ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಸ್ಕೇಲು, ಕಿಟ್ಟು, ಬಣ್ಣ ಎಲ್ಲವೂ ಹೆಚ್ಚು ಕಡಿಮೆ ತಾವಾಗಿಯೇ ತೀರ್ಮಾನವಾಗುತ್ತವೆ. ಉತ್ತರ ಗೊತ್ತಿಲ್ಲದೆ ಕಿಟ್ ತರಿಸಿದರೆ ನನ್ನ ಹಾಗೆ ಎರಡು ಸಲ ಕಟ್ಟಬೇಕಾಗುತ್ತದೆ.

ಒಂದೇ ಹೆಸರು, ಹಲವು ಹಡಗು

ಹೊರಗಿನವರಿಗೆ ಹಡಗು ಎಂದರೆ ಒಂದು ಹೆಸರು. ಆದರೆ ಯುದ್ಧನೌಕೆ ಇಪ್ಪತ್ತು ಮೂವತ್ತು ವರ್ಷ ದುಡಿಯುತ್ತದೆ. ಪ್ರತಿ ದೊಡ್ಡ ರಿಪೇರಿಯಲ್ಲೂ ಏನೋ ಹೋಗುತ್ತದೆ, ಏನೋ ಬರುತ್ತದೆ.

ಬ್ರಿಟನ್ನಿನ ಎಚ್‌ಎಂಎಸ್ ಹರ್ಮಿಸ್ ತೆಗೆದುಕೊಳ್ಳಿ. 1959ರಲ್ಲಿ ಸೇವೆಗೆ ಸೇರಿದಾಗ ಅದು ಕ್ಯಾಟಪಲ್ಟ್‌ನಿಂದ, ಅಂದರೆ ವಿಮಾನವನ್ನು ಚಿಮ್ಮಿಸುವ ಯಂತ್ರದಿಂದ, ಜೆಟ್ ಹಾರಿಸುವ ವಿಮಾನವಾಹಕ ನೌಕೆ. 1970ರ ದಶಕದ ಮೊದಲಲ್ಲಿ ಕ್ಯಾಟಪಲ್ಟ್ ಕಳಚಿ, ಕಮಾಂಡೋಗಳನ್ನೂ ಹೆಲಿಕಾಪ್ಟರ್‌ಗಳನ್ನೂ ಒಯ್ಯುವ ಹಡಗಾಯಿತು. ಆಮೇಲೆ ಮೂತಿಯಲ್ಲಿ 12 ಡಿಗ್ರಿಯ ಸ್ಕೀ ಜಂಪ್, ಅಂದರೆ ವಿಮಾನ ಹಾರಲು ಮೇಲಕ್ಕೆ ಬಾಗಿದ ಡೆಕ್, ಎದ್ದಿತು. 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಹೋದದ್ದು ಆ ರೂಪದಲ್ಲಿ. 1987ರಲ್ಲಿ ಭಾರತದ ನೌಕಾಪಡೆ ಸೇರಿ ಐಎನ್‌ಎಸ್ ವಿರಾಟ್ ಆಯಿತು, 2017ರವರೆಗೆ ದುಡಿಯಿತು. 1965ರಲ್ಲಿ ಅದರಲ್ಲಿದ್ದವರ ಮಗ ಸ್ಕೀ ಜಂಪ್ ಇರುವ ಮಾದರಿ ಕಟ್ಟಿಕೊಟ್ಟರೆ, ಅಪ್ಪ ನೋಡಿ ಚೆನ್ನಾಗಿದೆ ಎನ್ನಬಹುದು. ಆದರೆ ಅದು ಅವರ ಹಡಗಲ್ಲ, ಅಲ್ವಾ?

ಚಿಕ್ಕ ಹಡಗುಗಳದ್ದೂ ಇದೇ ಕಥೆ. ಒಂದೇ ವಿನ್ಯಾಸದಲ್ಲಿ ಕಟ್ಟಿದ ಹಡಗುಗಳ ಗುಂಪಿಗೆ ವರ್ಗ ಎನ್ನುತ್ತಾರೆ. ಬ್ರಿಟನ್ನಿನ ಲಿಯಾಂಡರ್ ವರ್ಗದ ಫ್ರಿಗೇಟುಗಳು 26. ಅವುಗಳಲ್ಲಿ ಕೊನೆಯ ಹತ್ತರ ಅಗಲ ಸುಮಾರು ಎರಡು ಅಡಿ ಜಾಸ್ತಿ. ಮೊದಲು ಎಲ್ಲದರ ಮುಂಭಾಗದಲ್ಲೂ 4.5 ಇಂಚಿನ ಜೋಡಿ ತೋಪು ಇತ್ತು. ಆಮೇಲೆ ಎಂಟು ಹಡಗಿನಲ್ಲಿ ಅದನ್ನು ತೆಗೆದು ಸಬ್‌ಮೆರೀನ್ ಹೊಡೆಯುವ ಇಕಾರಾ ಕ್ಷಿಪಣಿ ಕೂರಿಸಿದರು, ಇನ್ನು ಕೆಲವಕ್ಕೆ ಹಡಗು ಹೊಡೆಯುವ ಎಕ್ಸೋಸೆ ಕ್ಷಿಪಣಿ ಬಂತು. ಇದೇ ವಿನ್ಯಾಸದ ಬಂಧುಗಳು ಭಾರತ, ನೆದರ್‌ಲ್ಯಾಂಡ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿ ದೇಶಗಳಲ್ಲೂ ಇದ್ದವು. ಭಾರತದ ಆರರಲ್ಲಿ ಕೊನೆಯ ಎರಡು, ಅಂದರೆ ತಾರಾಗಿರಿ ಮತ್ತು ವಿಂಧ್ಯಗಿರಿ, ಸೀ ಕಿಂಗ್ ಹೆಲಿಕಾಪ್ಟರ್‌ಗಾಗಿ ಹಿಂಭಾಗವನ್ನೇ ಬೇರೆ ಥರ ಮಾಡಿಸಿಕೊಂಡಿದ್ದವು. ಪೆಟ್ಟಿಗೆಯ ಮೇಲೆ "ಲಿಯಾಂಡರ್" ಅಂತ ಬರೆದಿದೆ ಎಂದಮಾತ್ರಕ್ಕೆ ಒಳಗಿರುವುದು ನಿಮ್ಮ ಹಡಗಾಗುವುದಿಲ್ಲ.

ಅಮೆರಿಕದ ಗೇರಿಂಗ್ ವರ್ಗದ ಡಿಸ್ಟ್ರಾಯರ್‌ಗಳಲ್ಲಿ ಈ ಬದಲಾವಣೆ ಇನ್ನೂ ಜೋರು. 1945ರಲ್ಲಿ ಮೂರು ಜೋಡಿ ತೋಪು, ತುಂಬಾ ವಿಮಾನ ನಿರೋಧಕ ಬಂದೂಕು. 1960ರ ದಶಕದ ಫ್ರ್ಯಾಮ್ ಎಂಬ ಪುನರ್ನಿರ್ಮಾಣದ ನಂತರ ಡೆಕ್ಕಿನ ಮೇಲಿನ ಅರ್ಧ ಹಡಗೇ ಹೊಸದು: ಸಬ್‌ಮೆರೀನ್ ಹೊಡೆಯುವ ಆಸ್‌ರಾಕ್ ರಾಕೆಟ್‌ಗಳ ಪೆಟ್ಟಿಗೆ, ಹಿಂದೆ ಡ್ರೋನ್ ಹೆಲಿಕಾಪ್ಟರ್‌ಗೆ ಹ್ಯಾಂಗರ್.

ಇಸವಿ ಹುಡುಕುವುದು ಹೇಗೆ? ಸೇವಾ ದಾಖಲೆಯಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಾವ ಹಡಗು ಅಂತ ಇರುತ್ತದೆ. ಅದೇ ಮೊದಲ ಕಾಗದ. ಎರಡನೆಯದು ಮನೆಯ ಆಲ್ಬಮ್. ಅಪ್ಪ ಗೆಳೆಯರ ಜೊತೆ ನಿಂತ ಫೋಟೋದಲ್ಲಿ ಅವರ ಮುಖ ಬಿಟ್ಟು ಹಿಂದೆ ಏನಿದೆ ನೋಡಿ. ಯಾವ ಬಗೆಯ ಲೈಫ್ ರಾಫ್ಟ್, ಮಾಸ್ಟಿನ ಮೇಲೆ ಯಾವ ರೇಡಾರ್, ಹಡಗಿನ ಮೈಮೇಲಿನ ಗುರುತಿನ ಅಂಕಿಗೆ ನೆರಳು ಬರೆದಿದ್ದಾರಾ ಇಲ್ಲವಾ. ಇದನ್ನೆಲ್ಲ ಇಸವಿ ಗೊತ್ತಿರುವ ಬೇರೆ ಫೋಟೋಗಳ ಪಕ್ಕ ಇಟ್ಟು ನೋಡಿದರೆ ವರ್ಷ ಹತ್ತಿರಕ್ಕೆ ಬರುತ್ತದೆ. ಅಮೆರಿಕದ ಹಡಗಾದರೆ ಡೆಕ್ ಲಾಗ್‌ಗಳು, ಅಂದರೆ ಹಡಗಿನ ದಿನಚರಿಗಳು, ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ. ನಾವಿಕರೇ ಸೇರಿ ಮಾಡಿಸುತ್ತಿದ್ದ ಕ್ರೂಸ್ ಬುಕ್, ಅಂದರೆ ಯಾನದ ನೆನಪಿನ ಪುಸ್ತಕ, ಸಿಕ್ಕಿದರಂತೂ ಹಬ್ಬ. ಬ್ರಿಟನ್ನಿನ ಹಡಗುಗಳ ನಕ್ಷೆಗಳ ದೊಡ್ಡ ಸಂಗ್ರಹ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್‌ನ ಬಳಿ ಇದೆ. ನಕ್ಷೆ ತರಿಸುವಾಗ "ಆಸ್ ಫಿಟೆಡ್" ಎಂದಿರುವುದನ್ನೇ ಕೇಳಿ. ಅದು ಹಡಗು ಕಟ್ಟಿ ಮುಗಿದ ಮೇಲೆ, ನಿಜವಾಗಿ ಏನಿತ್ತೋ ಅದನ್ನು ನೋಡಿ ಬರೆದದ್ದು. ಉಳಿದವು ಕಟ್ಟುವ ಮೊದಲಿನ ಕನಸು.

ಸ್ಕೇಲು: ಅವರು ನಿಂತ ಜಾಗ ಕಾಣಬೇಕು

ಲೆಕ್ಕಕ್ಕೆ 113 ಮೀಟರಿನ ಒಂದು ಲಿಯಾಂಡರ್ ಫ್ರಿಗೇಟನ್ನು ಇಟ್ಟುಕೊಳ್ಳೋಣ. ಪಕ್ಕದಲ್ಲಿ 170 ಸೆಂಟಿಮೀಟರ್ ಎತ್ತರದ ಒಬ್ಬ ನಾವಿಕ.

1/700: ಹಡಗು 16 ಸೆಂ.ಮೀ., ನಾವಿಕ 2.4 ಮಿ.ಮೀ.
1/350: ಹಡಗು 32 ಸೆಂ.ಮೀ., ನಾವಿಕ 4.9 ಮಿ.ಮೀ.
1/200: ಹಡಗು 57 ಸೆಂ.ಮೀ., ನಾವಿಕ 8.5 ಮಿ.ಮೀ.
1/96: ಹಡಗು 118 ಸೆಂ.ಮೀ., ನಾವಿಕ 17.7 ಮಿ.ಮೀ.

1/700ರಲ್ಲಿ ಆಯ್ಕೆ ಜಾಸ್ತಿ. 1971ರಲ್ಲಿ ಜಪಾನಿನ ನಾಲ್ಕು ಕಂಪನಿಗಳು, ಟಾಮಿಯಾ, ಹಾಸೆಗಾವಾ, ಆಓಶಿಮಾ, ಫುಜಿಮಿ, ಒಟ್ಟು ಸೇರಿ "ವಾಟರ್‌ಲೈನ್ ಸೀರೀಸ್" ಅಂತ ಶುರು ಮಾಡಿದವು. ಹಡಗುಗಳನ್ನು ತಮ್ಮಲ್ಲೇ ಹಂಚಿಕೊಂಡು ಒಂದೇ ಸ್ಕೇಲಿನಲ್ಲಿ ತಂದವು. ಅಲ್ಲಿಂದ ಆ ಸ್ಕೇಲು ಬೇರೂರಿತು. ಕಪಾಟಿನ ಒಂದು ಹಲಗೆಯ ಮೇಲೆ ಒಂದು ಇಡೀ ಪಡೆಯೇ ಹಿಡಿಸುತ್ತದೆ. ಅಪ್ಪ ಒಂದೇ ಹಡಗಿನಲ್ಲಿ ಇದ್ದವರಲ್ಲ, ಆರೇಳು ಹಡಗು ಸುತ್ತಿದವರು ಎಂದಾದರೆ ಇದೇ ಸರಿ. ಒಂದೇ ಸ್ಕೇಲಿನಲ್ಲಿ ಸಾಲಾಗಿ ಇಟ್ಟರೆ ಅವರ ನೌಕರಿಯ ಕಥೆ ಕಣ್ಣೆದುರಿಗೆ ಇರುತ್ತದೆ. ಚಿಕ್ಕ ಮೈನ್‌ಸ್ವೀಪರ್‌ನಿಂದ ದೊಡ್ಡ ಕ್ರೂಸರ್‌ಗೆ ಬಡ್ತಿ ಹೋದದ್ದು ಯಾರೂ ಹೇಳದೆ ಗೊತ್ತಾಗುತ್ತದೆ.

ಆದರೆ ಹಡಗು ಒಂದೇ ಇದ್ದು, ಅದನ್ನು ನೋಡಬೇಕಾದವರಿಗೆ ವಯಸ್ಸಾಗಿದ್ದರೆ 1/700 ಬೇಡ. ಇದು ನನ್ನ ಖಚಿತ ಅಭಿಪ್ರಾಯ. ಎಂಬತ್ತು ದಾಟಿದ ಕಣ್ಣಿಗೆ ಅದು ಬೂದು ಬಣ್ಣದ ಒಂದು ಕಡ್ಡಿ. 1/350ಕ್ಕೆ ಹೋಗಿ. ಉದ್ದ ಎರಡು ಪಟ್ಟು ಅನಿಸಿದರೂ ಗಾತ್ರ ಎಂಟು ಪಟ್ಟು. ಬಾಗಿಲು ಬಾಗಿಲಿನ ಹಾಗೆ, ಏಣಿ ಏಣಿಯ ಹಾಗೆ ಕಾಣುತ್ತದೆ. "ಇಲ್ಲಿ" ಅಂತ ಬೆರಳಿಟ್ಟು ತೋರಿಸಬಹುದು. ಡಿಸ್ಟ್ರಾಯರ್, ಫ್ರಿಗೇಟ್, ಕಾರ್ವೆಟ್‌ಗಳಿಗೆ ಇದಕ್ಕಿಂತ ಒಳ್ಳೆಯ ಸ್ಕೇಲು ಇಲ್ಲ.

ವಿಮಾನವಾಹಕಗಳ ಲೆಕ್ಕ ಬೇರೆ. ನಿಮಿಟ್ಜ್ ವರ್ಗದ ಹಡಗು 333 ಮೀಟರ್. 1/350ರಲ್ಲಿ 95 ಸೆಂಟಿಮೀಟರ್, 1/200ರಲ್ಲಿ ಸುಮಾರು 1.67 ಮೀಟರ್. ಕಟ್ಟುವುದು ಹಾಗಿರಲಿ, ಬಾಗಿಲಲ್ಲಿ ತಿರುಗಿಸುವುದೇ ಒಂದು ಕಸರತ್ತು. ಅದಕ್ಕೆ 1/700 ಸಾಕು, 48 ಸೆಂಟಿಮೀಟರ್ ಬರುತ್ತದೆ. ಇನ್ನೊಂದು ಕಡೆ, ಮೋಟಾರ್ ಟಾರ್ಪಿಡೋ ಬೋಟಿನಲ್ಲಿದ್ದವರ ಮಕ್ಕಳ ಅದೃಷ್ಟ ನೋಡಿ ನನಗೆ ಹೊಟ್ಟೆಯುರಿ. ಅಮೆರಿಕದ 80 ಅಡಿಯ ಎಲ್ಕೋ ಪಿಟಿ (ಪಟ್ರೋಲ್ ಟಾರ್ಪಿಡೋ) ಬೋಟು 1/35ರಲ್ಲೂ 70 ಸೆಂಟಿಮೀಟರ್ ಅಷ್ಟೆ. ಇಟಾಲೆರಿ ಆ ಸ್ಕೇಲಿನಲ್ಲಿ ಪಿಟಿ ಬೋಟು, ಬ್ರಿಟನ್ನಿನ ವಾಸ್ಪರ್ ಬೋಟು ಎರಡನ್ನೂ ತಂದಿದೆ. ಅದರಲ್ಲಿ ನಾವಿಕನಿಗೆ ಮುಖವೇ ಇರುತ್ತದೆ!

ಹಳೆಯ 1/600, 1/400, 1/720 ಕಿಟ್‌ಗಳೂ ಕಾಣಸಿಗುತ್ತವೆ. ಏರ್‌ಫಿಕ್ಸ್, ಹೆಲ್ಲರ್, ರೆವೆಲ್, ಇಟಾಲೆರಿಯವು. ಏರ್‌ಫಿಕ್ಸ್ 1/600ರಲ್ಲಿ ಲಿಯಾಂಡರ್ ಮಾಡಿತ್ತು. ನಿಮ್ಮ ಹಡಗು ಬೇರೆಲ್ಲೂ ಇಲ್ಲದೆ ಇವುಗಳಲ್ಲಿ ಮಾತ್ರ ಇದ್ದರೆ ತೆಗೆದುಕೊಳ್ಳಿ. ಆದರೆ ಈ ಸ್ಕೇಲುಗಳಿಗೆ ಹೊರಗಿನ ಬಿಡಿಭಾಗ ಕಡಿಮೆ ಅನ್ನುವುದು ನೆನಪಿರಲಿ.

ಇಡೀ ಹಡಗು ಬೇಕೇ ಬೇಕಾ?

ಈ ಪ್ರಶ್ನೆಯನ್ನು ಜನ ಕೇಳಿಕೊಳ್ಳುವುದೇ ಇಲ್ಲ. ಅಪ್ಪ ಬೋಫೋರ್ಸ್ 40 ಮಿಲಿಮೀಟರ್ ಬಂದೂಕಿನ ತಂಡದಲ್ಲಿದ್ದರು ಎನ್ನೋಣ. 1/700ರ ಹಡಗಿನಲ್ಲಿ ಆ ಬಂದೂಕು ಒಂದು ಎಳ್ಳಿನ ಗಾತ್ರ. ಅದೇ ಬಂದೂಕನ್ನು 1/35ರಲ್ಲಿ ಕಟ್ಟಿ, ಸುತ್ತ ಒಂದು ತುಂಡು ಡೆಕ್, ಕಂಬಿ, ಗುಂಡಿನ ಪೆಟ್ಟಿಗೆ ಇಟ್ಟರೆ, ಅಪ್ಪ ಅದರ ಪಕ್ಕ ನಿಲ್ಲುವಂತೆ ಐದು ಸೆಂಟಿಮೀಟರಿನ ಗೊಂಬೆಯೂ ಕೂರುತ್ತದೆ. ವಿಮಾನವಾಹಕದ ಡೆಕ್ ಮೇಲೆ ದುಡಿದವರಿಗೂ ಇದು ಒಳ್ಳೆಯ ದಾರಿ. 14.5 ಮೀಟರಿನ ಸೀ ಹ್ಯಾರಿಯರ್ 1/700ರಲ್ಲಿ ಎರಡು ಸೆಂಟಿಮೀಟರ್, 1/72ರಲ್ಲಿ 20. ಒಂದು ವಿಮಾನ, ಒಂದು ಚೌಕ ಡೆಕ್, ಅದನ್ನು ಎಳೆಯುವ ಗಾಡಿ, ಬಣ್ಣಬಣ್ಣದ ಜರ್ಸಿ ಹಾಕಿದ ಮೂರು ಜನ. ಅಪ್ಪ ದಿನಾ ನೋಡಿದ್ದು ಅದನ್ನೇ. ಇಡೀ ಹಡಗನ್ನು ಅವರು ನೋಡಿದ್ದು ದಡದಿಂದ ಮಾತ್ರ.

ನನ್ನ ಅಪ್ಪನಂಥ ಬಾಯ್ಲರ್, ಇಂಜಿನ್ ರೂಮಿನವರಿಗೆ ಕಷ್ಟ. ಅವರ ಲೋಕ ಪೂರ್ತಿ ಡೆಕ್ಕಿನ ಕೆಳಗೆ. ಮಾದರಿಯಲ್ಲಿ ಅವರ ಪಾಲಿಗೆ ಉಳಿಯುವುದು ಹೊಗೆ ಕೊಳವೆ, ಗಾಳಿ ಸೆಳೆಯುವ ಬಾಯಿಗಳು, ಮೇಲೆ ಬರುವ ಹ್ಯಾಚು, ಕೆಳಗೆ ಪ್ರೊಪೆಲ್ಲರ್. ಹಾಗಾಗಿ ನನ್ನ ಎರಡನೆಯ ಮಾದರಿಯಲ್ಲಿ ಆ ನಾಲ್ಕಕ್ಕೇ ಜಾಸ್ತಿ ಸಮಯ ಕೊಟ್ಟೆ. ಬ್ರಿಜ್ಜಿನ, ಅಂದರೆ ಹಡಗು ನಡೆಸುವ ಕೋಣೆಯ, ಒಳಗನ್ನು ಹಾಗೇ ಬಿಟ್ಟೆ. ಅಪ್ಪ ಅಲ್ಲಿಗೆ ಹೋದದ್ದೇ ಎರಡು ಸಲವಂತೆ, ಅದರಲ್ಲಿ ಒಂದು ಸಲ ಬೈಸಿಕೊಳ್ಳಲು.

ರೇಡಿಯೋದವರಾದರೆ ಮಾಸ್ಟು ಮತ್ತು ತಂತಿಗಳಿಗೆ ಗಮನ ಕೊಡಿ. ಸಿಗ್ನಲ್‌ನವರಾದರೆ ಬಾವುಟಗಳು: ಪ್ರತಿ ಹಡಗಿಗೂ ನಾಲ್ಕು ಅಕ್ಷರದ ಕಾಲ್ ಸೈನ್ ಇರುತ್ತದೆ, ಅದನ್ನು ಬಾವುಟಗಳಲ್ಲಿ ಏರಿಸಿ ತೋರಿಸಿದರೆ ಅವರು ಓದುತ್ತಾರೆ. ಹೌದು, ನಲವತ್ತು ವರ್ಷ ಆದ ಮೇಲೂ ಓದುತ್ತಾರೆ. ಅಡುಗೆಯವರಾದರೆ ಗ್ಯಾಲಿಯ ಹೊಗೆ ಪೈಪು ಮರೆಯಬೇಡಿ.

ದಾರಿಗಳು

ಪ್ಲಾಸ್ಟಿಕ್ ಕಿಟ್ಟೇ ಮೊದಲ ಆಯ್ಕೆ, ಸಿಗುವುದಾದರೆ. ತೊಂದರೆ ಏನೆಂದರೆ ಕಂಪನಿಗಳಿಗೆ ಬಿಸ್ಮಾರ್ಕ್, ಯಮಾಟೋ, ಹುಡ್‌ನಂಥ ಹೆಸರಾಂತ ಯುದ್ಧನೌಕೆಗಳೆಂದರೆ ಪ್ರಾಣ. ಆದರೆ ಎಷ್ಟೋ ಅಪ್ಪಂದಿರು ಇದ್ದದ್ದು ಎಣ್ಣೆ ಹಡಗು, ರಿಪೇರಿ ಹಡಗು, ಟಗ್‌ಗಳಲ್ಲಿ. ಅಂಥವಕ್ಕೆ ಹೆಸರಿನ ಕಿಟ್ ಹುಡುಕಬೇಡಿ, ವರ್ಗದ ಕಿಟ್ ಹುಡುಕಿ. ಅಮೆರಿಕದ ಫ್ಲೆಚರ್ ವರ್ಗದಲ್ಲಿ 175 ಡಿಸ್ಟ್ರಾಯರ್‌ಗಳಿದ್ದವು, ಕಿಟ್ ಇರುವುದು ಕೆಲವು ಹೆಸರಿಗೆ ಮಾತ್ರ. ಆದರೆ ಒಂದರಿಂದ ಇನ್ನೊಂದನ್ನು ಮಾಡಿಕೊಳ್ಳಬಹುದು. ನೋಡಬೇಕಾದ್ದು ಮೂರು: ಬ್ರಿಜ್ಜು ದುಂಡೋ ಚೌಕವೋ, 40 ಮಿಲಿಮೀಟರ್ ಬಂದೂಕುಗಳು ಎಷ್ಟು ಮತ್ತು ಎಲ್ಲಿ, ಟಾರ್ಪಿಡೋ ಕೊಳವೆಗಳ ಎರಡು ಗೊಂಚಲೂ ಇದ್ದವೋ ಒಂದನ್ನು ತೆಗೆದಿದ್ದರೋ. 1945ರಲ್ಲಿ ಜಪಾನಿನ ಕಾಮಿಕಾಝೆ (ಆತ್ಮಾಹುತಿ) ವಿಮಾನಗಳ ಕಾಟಕ್ಕೆ ಕೆಲವು ಹಡಗುಗಳಲ್ಲಿ ಮುಂದಿನ ಗೊಂಚಲು ತೆಗೆದು ಬಂದೂಕು ಹೆಚ್ಚಿಸಿದ್ದರು. ಈ ಮೂರು ಸರಿಯಿದ್ದರೆ ಉಳಿದದ್ದು ಅಂಕಿ ಬದಲಿಸುವ ಕೆಲಸ. ಎರಡನೇ ಮಹಾಯುದ್ಧದ ಲಿಬರ್ಟಿ ಎಂಬ ವ್ಯಾಪಾರಿ ಹಡಗಿನ ಒಡಲನ್ನೇ ಅಮೆರಿಕದ ನೌಕಾಪಡೆ ತನ್ನ ಸರಕು ಹಡಗಾಗಿ ಬಳಸಿದ ಉದಾಹರಣೆಗಳಿವೆ. ಟ್ರಂಪೀಟರ್‌ನ 1/350 ಲಿಬರ್ಟಿ ಕಿಟ್ಟಿನಿಂದ ಅಂಥದ್ದನ್ನು ಶುರು ಮಾಡಬಹುದು.

ಕಿಟ್ಟಿನ ಜೊತೆ ಫೋಟೋ ಎಚ್ ಹಾಳೆ, ಅಂದರೆ ತೆಳು ಹಿತ್ತಾಳೆಯಲ್ಲಿ ಕೊರೆದ ಸಣ್ಣ ಭಾಗಗಳ ಹಾಳೆ, ಬೇಕಾ? ಕಂಬಿಗಳಿಗೆ ಬೇಕು. ಲೆಕ್ಕ ಹಾಕಿ ನೋಡಿ: ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕಂಬಿ 1/350ರಲ್ಲಿ ನಿಜದ 17.5 ಸೆಂಟಿಮೀಟರ್. ಅದು ಕಂಬಿಯಲ್ಲ, ತೊಲೆ. ಹಿತ್ತಾಳೆಯ ತೆಳು ಹಾಳೆಯೂ ಲೆಕ್ಕಕ್ಕೆ ದಪ್ಪವೇ, ಆದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಮೊದಲ ಸಲ ಕಟ್ಟುವವರು ಕಂಬಿ, ಏಣಿ, ರೇಡಾರ್ ಇಷ್ಟಕ್ಕೆ ನಿಲ್ಲಿಸಿ. ಹಾಳೆಯಲ್ಲಿ ಇರುವುದನ್ನೆಲ್ಲ ಅಂಟಿಸಲು ಹೊರಟು, ಕೈಬಿಟ್ಟು, ಪೆಟ್ಟಿಗೆ ಅಟ್ಟಕ್ಕೆ ಹೋದದ್ದನ್ನು ಬಹಳ ನೋಡಿದ್ದೇನೆ.

ಅಚ್ಚಿಗೆ ಸುರಿದು ಗಟ್ಟಿ ಮಾಡಿದ ರಾಳದ, ಅಂದರೆ ರೆಸಿನ್, ಕಿಟ್‌ಗಳು ಬರುವುದು ಚಿಕ್ಕ ಚಿಕ್ಕ ತಯಾರಕರಿಂದ. ಪ್ಲಾಸ್ಟಿಕ್ಕಿನಲ್ಲಿ ಯಾರೂ ಮಾಡದ ಹಡಗು ಇಲ್ಲಿ ಸಿಗುತ್ತದೆ. ಅದೇ ಇದರ ದೊಡ್ಡ ಗುಣ. ಬೆಲೆ ಜಾಸ್ತಿ, ಸೂಚನೆ ಹಾಳೆ ಕೆಲವೊಮ್ಮೆ ಬರೀ ಒಂದು ಫೋಟೋ. ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ, ಸೂಪರ್ ಗ್ಲೂ ಅಥವಾ ಎಪಾಕ್ಸಿ ಬೇಕು. ನಾನು ತರಿಸಿದ ಒಂದರ ಒಡಲು ಬಾಳೆಹಣ್ಣಿನ ಹಾಗೆ ಬಗ್ಗಿತ್ತು. ಬಿಸಿನೀರಲ್ಲಿ ಮುಳುಗಿಸಿ, ಮೆತ್ತಗಾದ ಮೇಲೆ ಸಮತಟ್ಟಾದ ಗಾಜಿನ ಮೇಲೆ ಒತ್ತಿ ಹಿಡಿದರೆ ನೇರವಾಗುತ್ತದೆ. ಆದರೆ ಆ ಹತ್ತು ನಿಮಿಷ ಎದೆ ಡವಗುಟ್ಟುತ್ತದೆ. ಉಜ್ಜುವಾಗ ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಈಗ ರೆಸಿನ್ ಕಿಟ್ಟಿನ ಜಾಗಕ್ಕೆ 3ಡಿ ಪ್ರಿಂಟ್ ಬರುತ್ತಿದೆ. 0.05 ಮಿಲಿಮೀಟರ್ ಪದರದಲ್ಲಿ ಅಚ್ಚಾದರೆ, 1/350ರಲ್ಲಿ ಒಂದು ಪದರ ನಿಜದ 17.5 ಮಿಲಿಮೀಟರ್. ಅಂದರೆ ಬಾಗಿಲಿನ ಹಿಡಿಕೆಯವರೆಗೂ ಬರುತ್ತದೆ. ಸ್ಕೇಲು ನಿಮಗೆ ಬೇಕಾದ್ದು: ಅದೇ ಫೈಲನ್ನು 1/700ಕ್ಕೂ 1/200ಕ್ಕೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಕುಗ್ಗಿಸುವಾಗ ಮಾತ್ರ ಮಾಸ್ಟು, ಕಂಬಿಗಳು ಕೂದಲಿಗಿಂತ ತೆಳ್ಳಗಾಗಿ ಮುರಿಯುತ್ತವೆ. ನನ್ನ ಮಾತು ಕೇಳುವುದಾದರೆ ಇಡೀ ಹಡಗನ್ನು ಪ್ರಿಂಟ್ ಮಾಡುವುದಕ್ಕಿಂತ ಪ್ಲಾಸ್ಟಿಕ್ ಒಡಲಿಗೆ ಬೇಕಾದ ಬ್ರಿಜ್ಜು, ತೋಪು, ದೋಣಿಗಳನ್ನು ಪ್ರಿಂಟ್ ಮಾಡಿಸಿ. ಉದ್ದನೆಯ ಒಡಲು ತುಂಡು ತುಂಡಾಗಿ ಬರುತ್ತದೆ, ಕೂಡಿಸಿದ ಗೆರೆ ಮುಚ್ಚುವುದರಲ್ಲಿ ಸಾಕಾಗಿ ಹೋಗುತ್ತದೆ. ಫೈಲ್ ಮಾಡಿದವರು ಯಾವ ಇಸವಿಯ ಹಡಗನ್ನು ನೋಡಿ ಮಾಡಿದ್ದಾರೆ ಅಂತ ಕೇಳಿ. ಉತ್ತರ ಬಾರದಿದ್ದರೆ ಅದನ್ನು ಬಿಡಿ.

ಕಾಗದದ ಮಾದರಿಯನ್ನು ಸುಮ್ನೆ ಮಕ್ಕಳಾಟ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ 1/250, ಪೋಲೆಂಡಿನಲ್ಲಿ 1/200, ಹೀಗೆ ಅದಕ್ಕೆ ದೊಡ್ಡ ಪರಂಪರೆಯೇ ಇದೆ. ಖರ್ಚು ಕಡಿಮೆ, ಬಣ್ಣ ಹೊಡೆಯುವ ಗೋಜಿಲ್ಲ. ತಾಳ್ಮೆ ಮಾತ್ರ ಮೂರು ಪಟ್ಟು ಬೇಕು. ತೇವದ ಜಾಗದಲ್ಲಿ ಇಡುವುದಾದರೆ ಬೇಡ.

ಯಾವ ದಾರಿಯೂ ಇಲ್ಲದಾಗ ಉಳಿಯುವುದು ನಕ್ಷೆ ಹಿಡಿದು ಮೊದಲಿನಿಂದ ಕಟ್ಟುವುದು. ಮರದ ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ಕೆತ್ತಬಹುದು, ಅಥವಾ ಪ್ಲಾಸ್ಟಿಕ್ ಶೀಟಿನಲ್ಲಿ ಅಡ್ಡಪಟ್ಟಿ ಕತ್ತರಿಸಿ ಮೇಲೆ ಹೊದಿಸಬಹುದು. ಇದಕ್ಕೆ ಪಕ್ಕದ ನೋಟ ಸಾಲದು, ಒಡಲಿನ ಅಡ್ಡಕೊಯ್ತದ ಗೆರೆಗಳಿರುವ ನಕ್ಷೆ ಬೇಕೇ ಬೇಕು. ಅದಿಲ್ಲದೆ ಮೂತಿಯ ಬಾಗು ಯಾವತ್ತೂ ಸರಿ ಬರುವುದಿಲ್ಲ. ನಾವಿಕರು ತಮ್ಮ ಹಡಗನ್ನು ಗುರುತಿಸುವುದು ಮೂತಿಯಿಂದಲೇ. ಟಗ್, ಗಸ್ತು ದೋಣಿಯಂಥ ಸಣ್ಣ ಹಡಗಿಗೆ ಇದು ಅಂಥ ಕಷ್ಟವೇನಲ್ಲ. ಕ್ರೂಸರ್‌ಗೆ ಹೊರಟರೆ ವರ್ಷಗಳ ಮಾತು.

ನೀರಿನಲ್ಲಿ ಓಡುವ ರೇಡಿಯೋ ಕಂಟ್ರೋಲ್ ಮಾದರಿ ಬೇಕಾದರೆ 1/96ರ ಫೈಬರ್‌ಗ್ಲಾಸ್ ಒಡಲುಗಳು ಸಿಗುತ್ತವೆ. ತೂಕ ಸ್ಕೇಲಿನ ಘನದ ಲೆಕ್ಕದಲ್ಲಿ ಇಳಿಯುತ್ತದೆ. 2,500 ಟನ್ನಿನ ಫ್ಲೆಚರ್ 1/96ರಲ್ಲಿ ತನ್ನ ಸರಿಯಾದ ಗೆರೆಯವರೆಗೆ ಮುಳುಗಬೇಕಾದರೆ ಬ್ಯಾಟರಿ, ಮೋಟಾರು, ಸೀಸ ಎಲ್ಲ ಸೇರಿ 2.8 ಕೆ.ಜಿ. ಇರಬೇಕು. ಮೇಲ್ಭಾಗ ಭಾರವಾದರೆ ತಿರುವಿನಲ್ಲಿ ಮಗುಚುತ್ತದೆ. ಇದು ಬೇರೆಯದೇ ಹುಚ್ಚು, ಆದರೆ ಅಪ್ಪನ ಕೈಗೆ ರಿಮೋಟ್ ಕೊಟ್ಟ ದಿನದ ಸಂತೋಷ ಕಪಾಟಿನ ಹಡಗಿನಿಂದ ಬರುವುದಿಲ್ಲ.

ದುಡ್ಡು ಕೊಟ್ಟು ಮಾಡಿಸುವುದು? ಕೈ ನಡುಗುವವರಿಗೆ, ಸಮಯ ಇಲ್ಲದವರಿಗೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಸವಿ ಹುಡುಕುವ ಕೆಲಸ ನೀವೇ ಮಾಡಿ ಕೊಡಿ. ಹಡಗಿನ ಹೆಸರು ಮಾತ್ರ ಕೊಟ್ಟು ಮಾಡಿಸಿದ ಮರದ ಮಾದರಿಗಳಲ್ಲಿ ವರ್ಗ ಒಂದು, ತೋಪು ಇನ್ನೊಂದು, ಅಂಕಿ ಮತ್ತೊಂದು ಇರುವುದನ್ನು ಕಂಡಿದ್ದೇನೆ.

ಅಪ್ಪ ಸಬ್‌ಮೆರೀನಿನವರಾ? ಹಾಗಾದರೆ ನೀವು ಅದೃಷ್ಟವಂತರು. ಕಂಬಿ ಕಡಿಮೆ, ತಂತಿ ಕಡಿಮೆ, ಒಂದು ವಾರಾಂತ್ಯದಲ್ಲಿ ಆಕಾರ ಬಂದುಬಿಡುತ್ತದೆ. ರೆವೆಲ್‌ನ 1/72 ಗೇಟೋ, ಅಮೆರಿಕದ ಸಬ್‌ಮೆರೀನು, ಮಾತ್ರ 1.3 ಮೀಟರ್ ಉದ್ದ, ಜಾಗ ನೋಡಿಕೊಳ್ಳಿ.

ನೀರಿನ ಮೇಲೆ ಮಾತ್ರವಾ, ಪೂರ್ತಿಯಾ

ನೀರಿನ ಮಟ್ಟಕ್ಕೆ ಕತ್ತರಿಸಿದ ಮಾದರಿಯನ್ನು ಸಮುದ್ರದ ಅಲೆಯ ಮೇಲೆ ಕೂರಿಸಿದರೆ ಹಡಗಿಗೆ ಜೀವ ಬರುತ್ತದೆ. ಡೆಕ್ ಮೇಲೆ ದುಡಿದವರು ಹಡಗಿನ ಹೊಟ್ಟೆಯನ್ನು ಡ್ರೈ ಡಾಕಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರುವುದಿಲ್ಲ. ಅವರಿಗೆ ಇದೇ ಸರಿ. ಇಂಜಿನ್ನಿನವರಿಗೆ ಪೂರ್ತಿ ಒಡಲು ಕೊಡಿ. ಪ್ರೊಪೆಲ್ಲರ್ ಕಾಣದ ಹಡಗನ್ನು ನನ್ನ ಅಪ್ಪ "ಮುಳುಗ್ತಾ ಇರೋ ಹಡಗು" ಅಂತಲೇ ಕರೆಯುತ್ತಿದ್ದರು.

ಬಣ್ಣ

ಬಣ್ಣದ ವಿಷಯದಲ್ಲಿ ಹಳೆಯ ಕಪ್ಪು ಬಿಳುಪು ಫೋಟೋ ನಂಬಿ ಕೆಟ್ಟವರಿದ್ದಾರೆ. ಆರ್ಥೋಕ್ರೊಮ್ಯಾಟಿಕ್ ಎಂಬ ಹಳೆಯ ಬಗೆಯ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಹಾಗೇ ಡಬ್ಬಿಯ ಬಣ್ಣವನ್ನು ನೇರವಾಗಿ ಚಿಕ್ಕ ಮಾದರಿಗೆ ಹೊಡೆದರೆ ಗಾಢವಾಗಿ ಕಾಣುತ್ತದೆ. ನಿಜವಾದ ಹಡಗನ್ನು ನಾವು ನೋಡುವುದು ದೂರದಿಂದ, ನಡುವೆ ಗಾಳಿ ಇರುತ್ತದೆ. ಬೂದಿಗೆ ಸ್ವಲ್ಪ ಬಿಳಿ ಬೆರೆಸಿ. ಸ್ಕೇಲು ಚಿಕ್ಕದಾದಷ್ಟೂ ಜಾಸ್ತಿ.

ಅಪ್ಪ ಇದ್ದರೆ ಅವರನ್ನೇ ಕೇಳಿ. ಆದರೆ "ಯಾವ ಬಣ್ಣ ಇತ್ತು" ಅಂತ ಕೇಳಬೇಡಿ, "ಬೂದು" ಎನ್ನುತ್ತಾರೆ. ಮೂರು ಬೂದು ಚೂರುಗಳಿಗೆ ಬಣ್ಣ ಹೊಡೆದು ಮುಂದಿಡಿ. ವರ್ಷಗಟ್ಟಲೆ ಆ ಬಣ್ಣವನ್ನು ಕೆರೆದು ಮತ್ತೆ ಹೊಡೆದ ಕೈ ಅದು, ತಾನಾಗಿ ಸರಿಯಾದ ಚೂರಿನ ಕಡೆ ಹೋಗುತ್ತದೆ. ಫೋಟೋಗೂ ಅವರ ನೆನಪಿಗೂ ಜಗಳ ಬಂದರೆ? ಆಕಾರದಲ್ಲಿ ನಾನು ಫೋಟೋದ ಕಡೆ, ಬಣ್ಣದಲ್ಲಿ ಅಪ್ಪನ ಕಡೆ.

ಅವರು ಈಗ ಇಲ್ಲವಾದರೆ ಅದೇ ವರ್ಗದ ಬೇರೆ ಹಡಗು ಎಲ್ಲಾದರೂ ಉಳಿದಿದೆಯಾ ನೋಡಿ. ಫ್ಲೆಚರ್‌ಗಳಲ್ಲಿ ನಾಲ್ಕು ಉಳಿದಿವೆ: ಕಿಡ್, ದ ಸಲ್ಲಿವನ್ಸ್, ಕ್ಯಾಸಿನ್ ಯಂಗ್ ಮೂರೂ ಅಮೆರಿಕದಲ್ಲಿ, ವೆಲೋಸ್ ಗ್ರೀಸಿನಲ್ಲಿ. ಯುದ್ಧಕಾಲದ ರೂಪದಲ್ಲಿರುವುದು ಕಿಡ್. ಬೇರೆ ವರ್ಗಗಳವೂ ಇವೆ: ಲಂಡನ್ನಿನಲ್ಲಿ ಬೆಲ್‌ಫಾಸ್ಟ್, ಇಂಗ್ಲೆಂಡಿನ ಚಾಥಮ್‌ನಲ್ಲಿ ಕ್ಯಾವಲಿಯರ್, ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಫ್ಲವರ್ ವರ್ಗದ ಸ್ಯಾಕ್‌ವಿಲ್. ಹೋಗಲು ಸಾಧ್ಯವಾದರೆ ಹೋಗಿ, ಇಲ್ಲವಾದರೆ ಬೇರೆಯವರು ತೆಗೆದ ಫೋಟೋ ನೋಡಿ. ಏಣಿಯ ಮೆಟ್ಟಿಲು ಎಷ್ಟು ಕಡಿದು, ಬಾಗಿಲು ಎಷ್ಟು ಇಕ್ಕಟ್ಟು ಅನ್ನುವುದು ನಕ್ಷೆಯಿಂದ ತಿಳಿಯುವುದಿಲ್ಲ.

ಮುಗಿದ ಮೇಲೆ ಗಾಜಿನ ಪೆಟ್ಟಿಗೆಗೆ ಹಣ ಉಳಿಸಿಕೊಂಡಿರಿ. ಧೂಳು ಕೂತ ಕಂಬಿಯನ್ನು ಮುರಿಯದೆ ಒರೆಸುವ ಉಪಾಯ ಯಾರಿಗೂ ಗೊತ್ತಿಲ್ಲ. ಬಿಸಿಲು ಬೀಳದ ಜಾಗದಲ್ಲಿಡಿ. ತಳಕ್ಕೆ ಒಂದು ಚೀಟಿ ಅಂಟಿಸಿ: ಹಡಗಿನ ಹೆಸರು, ಮಾದರಿ ತೋರಿಸುವ ಇಸವಿ, ಅಪ್ಪನ ಹೆಸರು, ಹುದ್ದೆ, ಅವರು ಅಲ್ಲಿದ್ದ ವರ್ಷಗಳು. ನನ್ನ ಎರಡನೆಯ ಮಾದರಿಯಲ್ಲಿ ಹೊಗೆ ಕೊಳವೆಯ ಪಕ್ಕದ ಹ್ಯಾಚು ತೆರೆದಿದೆ. ಪಕ್ಕದಲ್ಲಿ ಐದು ಮಿಲಿಮೀಟರಿನ ಒಬ್ಬ ಮನುಷ್ಯ ಕಂಬಿಗೆ ಒರಗಿ ನಿಂತಿದ್ದಾನೆ. ಅವನ ಅಂಗಿಗೆ ಬಿಳಿ ಹೊಡೆದಿದ್ದೆ. ಅಪ್ಪ ನೋಡಿ, "ಬಾಯ್ಲರ್ ರೂಮಿನಿಂದ ಬಂದವನ ಅಂಗಿ ಅಷ್ಟು ಬೆಳ್ಳಗಿರತ್ತೇನೋ?" ಅಂದರು. ಮಾರನೆಯ ದಿನ ಅದಕ್ಕೆ ಸ್ವಲ್ಪ ಮಸಿ ಹಚ್ಚಿದೆ.